ಬ್ಯಾಟರಿ ಯಾವ ಆಯಿಗೆ?

ನಮ್ಮ ಓಣಿಯಲ್ಲಿ ಕರೆಂಟು ಹೋದರೆ ಮಗ್ಗಗಳ ಸದ್ದು ನಿಂತು ಹೆಂಗಸರ ಮಾತು ಶುರುವಾಗುತ್ತದೆ. ಶಹಾಪುರದ ಪವರ್‌ಲೂಮುಗಳ ಖಟಖಟದ ನಡುವೆ ಒಬ್ಬರಿಗೊಬ್ಬರು ಕೂಗಿಯೇ ಮಾತಾಡಿ ರೂಢಿಯಾದವರು ನಾವು. ಸದ್ದು ನಿಂತ ಮೇಲೂ ದನಿ ಇಳಿಯುವುದಿಲ್ಲ. ಎಲ್ಲರೂ ಕಟ್ಟೆಗೆ ಬಂದು ಕೂತು ಮೊದಲು ಮೂಲೆಯ ಸೀರೆ ಅಂಗಡಿಯ ಜನರೇಟರಿಗೆ ಮನಸಾರೆ ಬೈಯುತ್ತೇವೆ. ಬೆಳಕು ಅವರಿಗೆ, ಹೊಗೆ ನಮಗೆ.

ಬಾಜು ಮನೆಯ ನನ್ನ ಗೆಳತಿ ಇದ್ದರೆ ಬೈಗುಳಕ್ಕೂ ಒಂದು ಕಳೆ. ಅವಳು ನಕ್ಕರೆ ಓಣಿಯ ತುದಿಯ ಹಿಟ್ಟಿನ ಗಿರಣಿಯವರೆಗೂ ಕೇಳಿಸುತ್ತಿತ್ತು. ಆದರೆ ಒಂದೆರಡು ವರ್ಷದಿಂದ ಆ ನಗುವಿನ ಬಾಲಕ್ಕೆ ಕೆಮ್ಮು ಅಂಟಿಕೊಂಡಿತ್ತು. ಕೇಳಿದರೆ ನೆಗಡಿ ಎನ್ನುತ್ತಿದ್ದಳು. ಬೇಸಿಗೆಯಲ್ಲೂ ಬಿಡದ ಅದೆಂಥ ನೆಗಡಿಯೋ ಎಂದು ನಾನು ಛೇಡಿಸುತ್ತಿದ್ದೆ.

ಅವಳ ಮಗನಿಗೆ ಹೆಣ್ಣು ನೋಡಲು ಖಾನಾಪುರಕ್ಕೆ ನಾನೂ ಹೋಗಿದ್ದೆ. ಜಡಿಮಳೆ. ಹಿಂದಿನ ದಿನವೇ ಮರ ಬಿದ್ದು ತಂತಿ ಹರಿದು, ಊರಿಗೆ ಊರೇ ಹಾಡುಹಗಲಲ್ಲಿ ಮಬ್ಬಾಗಿ ಕೂತಿತ್ತು. ಆ ಮನೆಯಲ್ಲಿ ಮಾತ್ರ ಅವಲಕ್ಕಿ ತಟ್ಟೆಯ ಮೇಲೆ ಚೊಕ್ಕ ಬೆಳಕು, ತಲೆಯ ಮೇಲೆ ತಿರುಗುವ ಫ್ಯಾನು. ಬಿಸಿಲಿದ್ದಾಗ ಛಾವಣಿಯ ಸೋಲಾರ್ ತಟ್ಟೆ ತುಂಬಿಸಿಟ್ಟ ಬ್ಯಾಟರಿಯ ಬಲ ಅದು. ಅಲ್ಲಿಯ ಹೆಂಗಸರು ಭಿಶಿ ಹಾಕಿ ತಿಂಗಳಿಗೊಂದು ಮನೆಯಂತೆ ಕೂಡಿಸಿಕೊಂಡರಂತೆ. ಗೆಳತಿ ನನ್ನ ಕಿವಿಯಲ್ಲಿ, "ಹುಡುಗಿ ಪಸಂದ್ ಐತಿ. ಬ್ಯಾಟರಿನೂ ಕೂಡೇ ಕಳಸ್ತಾರೇನು ಕೇಳು" ಎಂದಳು. ನಾನು ಚಹಾ ನೆತ್ತಿಗೇರಿಸಿಕೊಂಡೆ.

ಬ್ಯಾಟರಿ ಬರಲಿಲ್ಲ, ಹುಡುಗಿ ಬಂದಳು, ಅವಳ ಹಿಂದೆ ಭಿಶಿಯ ವಿಚಾರವೂ ಬಂತು. ಭಿಶಿ ನಮಗೇನು ಹೊಸದಲ್ಲ. ಎಲ್ಲರೂ ತಿಂಗಳಿಗಿಷ್ಟು ಹಾಕುವುದು, ಚೀಟಿ ಎತ್ತಿ ಒಬ್ಬರಿಗೆ ಕೊಡುವುದು. ಹಾಗೇ ಬಳೆಯಾಗಿದೆ, ಫ್ರಿಜ್ ಬಂದಿದೆ. ಈ ಸಲ ಸೋಲಾರ್ ಬ್ಯಾಟರಿಗೆ ಎಂದು ನಿಶ್ಚಯವಾಯಿತು.

ತೊಡಕಾದದ್ದು ಚೀಟಿ ಎತ್ತುವುದರಲ್ಲಿ. ಗೆಳತಿಯ ಮನೆಗೆ ಗೋಡೆ ಹಚ್ಚಿ ಇರುವ ಜೈನರ ಮನೆಯ ಅಜ್ಜಿಯನ್ನು ಓಣಿಯೆಲ್ಲ ಆಯಿ ಎಂದು ಕರೆಯುತ್ತದೆ. ನಮ್ಮ ಕಡೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ಆಯಿ ದುಡ್ಡು ಹಾಕಲು ತಯಾರು, ಆದರೆ ಚೀಟಿ ಎತ್ತುವುದು ಜೂಜು, ಜೂಜು ತಮಗೆ ವರ್ಜ್ಯ ಎಂದರು. ಅವರನ್ನು ಬಿಟ್ಟು ಭಿಶಿ ನಡೆಸಲು ಯಾರಿಗೂ ಮನಸ್ಸಿಲ್ಲ. ಹಾಗಾದರೆ ಯಾರಿಗೆ ಹೆಚ್ಚು ಜರೂರಿಯೋ ಅವರೇ ಬಾಯಿಬಿಟ್ಟು ಕೇಳಲಿ ಎಂದು ಠರಾಯಿಸಿದೆವು. ಎಂಥ ಮೂರ್ಖ ಉಪಾಯ! ನಮ್ಮಲ್ಲಿ ಯಾರಾದರೂ ನನಗೆ ಮೊದಲು ಬೇಕು ಎನ್ನುತ್ತಾರೆಯೇ? ನಿಮಗಾಗಲಿ, ಛೇ ಛೇ ನಿಮಗಾಗಲಿ ಎಂದು ಉಪಚಾರ ಮಾಡುತ್ತ ಎರಡು ಸುತ್ತು ಚಹಾ ಮುಗಿಯಿತು.

ಆಗ ಬಾಯಿಬಿಟ್ಟವಳು ಖಾನಾಪುರದ ಹೊಸ ಸೊಸೆ. ಅತ್ತೆ ಅವತ್ತು ಸಭೆಗೆ ಬಂದಿರಲಿಲ್ಲ, ಅದೇ ನೆಗಡಿ. ಹುಡುಗಿಯ ಮನೆಮಾತು ಮರಾಠಿ. ಆದರೂ ನಮ್ಮ ಮೇಲಿನ ಪ್ರೀತಿಗೆ ಒಂದೊಂದೇ ಶಬ್ದ ಹುಡುಕಿ ಕನ್ನಡದಲ್ಲೇ ಹೇಳಿದಳು: "ಮೊದಲ ಆಯಿಗೆ ಕೊಡ್ರಿ. ಲೈಟ್ ಹೋದ್ರ ಆಯಿಗೆ ಭಾಳ ತ್ರಾಸ ಆಗ್ತೈತಿ."

ನಮಗೆಲ್ಲ ಕಣ್ಣು ತುಂಬಿತು. ಖರೇನೇ, ಆಯಿ ಮೇಣದಬತ್ತಿ ಹಚ್ಚುವವರಲ್ಲ. ಉರಿಗೆ ಹುಳು ಬಂದು ಬಿದ್ದು ಸಾಯುತ್ತವೆ ಎಂದು ಕತ್ತಲಲ್ಲೇ ಕೂರುವವರು. ಬಂದು ಮೆಹಂದಿ ಮಾಸಿಲ್ಲ, ಹುಡುಗಿ ಎಷ್ಟು ಸೂಕ್ಷ್ಮ ನೋಡಿದಳಲ್ಲ ಎಂದು ಹೊಗಳಿದ್ದೇ ಹೊಗಳಿದ್ದು. ಹೊತ್ತು ಮುಳುಗುವ ಮೊದಲೇ ಉಂಡು ಬೇಗ ಮಲಗುವ ತನಗೆ ಯಾಕೆ ಎಂದು ಆಯಿ ಬೇಡ ಎಂದರು. ನಮ್ಮಲ್ಲಿ ಎರಡು ಸಲ ಬೇಡ ಎಂದ ಮೇಲೆಯೇ ಹೂಂ ಎನ್ನುವುದು ರೀತಿ. ಮೂರನೆಯ ಸಲಕ್ಕೂ ಅವರು ಬೇಡ ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗಿ ಏನೋ ಹೇಳಹೊರಟು ಸುಮ್ಮನಾದಳು. ನಾಚಿಕೆ ಎಂದುಕೊಂಡೆವು. ಆ ವಾರವೇ ಬ್ಯಾಟರಿ ಆಯಿಯ ಮನೆಗೆ ಬಂತು.

ಮುಂದೆ ಒಂದು ಸಂಜೆ ಗಾಳಿಯೆದ್ದು ಆಲಿಕಲ್ಲು ಬಿದ್ದು ಕರೆಂಟು ಹೋಯಿತು. ಹುಡುಗಿ ನನ್ನ ಬಾಗಿಲಿಗೆ ಓಡಿಬಂದಳು. ಗಾಬರಿಯಲ್ಲಿ ಅವಳ ಕನ್ನಡವೆಲ್ಲ ಹಾರಿಹೋಗಿತ್ತು. "ಕಾಕೂ, ಲವಕರ ಯಾ. ಆಯೀಲಾ ದಮ ಲಾಗಲಾಯ."

ಬೇಗ ಬನ್ನಿ, ಆಯಿಗೆ ಉಸಿರಾಡಲಾಗುತ್ತಿಲ್ಲ ಎಂದು ಮರಾಠಿಯಲ್ಲಿ ಕೇಳಿದ್ದೇ ತಡ, ನನಗೆ ಎಲ್ಲ ತಿಳಿಯಿತು. ಮರಾಠಿಯಲ್ಲಿ ಆಯಿ ಎಂದರೆ ತಾಯಿ, ಸೊಸೆ ಅತ್ತೆಯನ್ನು ಕರೆಯುವುದೂ ಹಾಗೆಯೇ. ಅವಳು ಅವತ್ತು ಬೇಡಿದ್ದು ತನ್ನ ಅತ್ತೆಗಾಗಿ. ಹೋಗಿ ನೋಡಿದರೆ ಗೆಳತಿ ಮಂಚದ ಅಂಚು ಹಿಡಿದು ಉಸಿರಿಗೆ ಒದ್ದಾಡುತ್ತಿದ್ದಾಳೆ. ನೆಗಡಿಯಲ್ಲ, ದಮ್ಮು. ಮುಖಕ್ಕೆ ಔಷಧದ ಹಬೆ ಬಿಡುವ ಮಷೀನು ಬಾಜುವಿನಲ್ಲಿ ಸತ್ತಂತೆ ಬಿದ್ದಿದೆ. ಅದನ್ನು ಅವಳು ನನ್ನಿಂದಲೂ ಮುಚ್ಚಿಟ್ಟಿದ್ದಳು. ಸಭೆಯಲ್ಲಿ ಸೊಸೆ ಮಾತು ನುಂಗಿದ್ದೂ ಅದಕ್ಕೇ. ನನಗೆ ಅಂಜಿಕೆ, ಸಿಟ್ಟು, ಅಳು ಮೂರೂ ಕೂಡಿಯೇ ಬಂದವು.

ನಾನೊಂದು ಕಡೆ, ಸೊಸೆ ಇನ್ನೊಂದು ಕಡೆ ಹಿಡಿದು, ಮಷೀನು ಸಮೇತ ಅವಳನ್ನು ಆಯಿಯ ಮನೆಗೆ ಕರೆದೊಯ್ದೆವು. ಆಯಿ ಹಾಸಿಗೆಯಿಂದ ಎದ್ದು ಬಂದು ಪ್ಲಗ್ ತೋರಿಸಿದರು. ಮಷೀನು ಗುರ್ರೆಂದಿತು. ಅವಳ ಹೆಗಲು ಮೆಲ್ಲಗೆ ಇಳಿಯಿತು. ಆಮೇಲೆ ಮುಖದ ಮಾಸ್ಕು ಸರಿಸಿ ಅವಳು ಮೊದಲು ಆಡಿದ ಮಾತು, ಹೀಗೆ ನೋಡುತ್ತ ನಿಲ್ಲುವ ಬದಲು ಯಾರಾದರೂ ಚಹಾ ಇಡಬಾರದೇ ಎಂದು. ಆಯಿಯ ಒಲೆ ಸಂಜೆಗೇ ಆರಿರುತ್ತದೆ. ನಾನೇ ಮನೆಗೆ ಹೋಗಿ ಮಾಡಿ ತಂದೆ.

ಮರುದಿನ ಕಟ್ಟೆಯ ಮೇಲೆ ಆಯಿ ತೀರ್ಪು ಹೇಳಿದರು. "ಹುಡುಗಿ ಆಯಿಗೆ ಅಂತ ಕೇಳಿದ್ಲು, ಆಯಿಗೇ ಹೋಗ್ಲಿ. ನಾ ಬ್ಯಾಡ ಅಂದಾಗ ಯಾರರೆ ಕೇಳಿದ್ರೇನು?"

ಗೆಳತಿ ಬೇಡ ಎಂದಳು. ಎರಡನೆಯ ಬೇಡಕ್ಕೆ ಕಾಯದೆ ಬ್ಯಾಟರಿ ಅವಳ ಮನೆಗೆ ಹೋಯಿತು. ಆಯಿ ತಮ್ಮ ಪಾಳಿ ಎಲ್ಲರಿಗಿಂತ ಕೊನೆಗೆ ಇಟ್ಟುಕೊಂಡರು. ಅಲ್ಲಿಯವರೆಗೆ ಕರೆಂಟು ಹೋದಾಗಲೆಲ್ಲ ತಮ್ಮ ಪುಸ್ತಕ ಹಿಡಿದು ಗೆಳತಿಯ ಮನೆಯಲ್ಲೇ ಕೂತು ಓದಿದರು.

ಮೊನ್ನೆ ಆಯಿಯ ಪಾಳಿಯೂ ಬಂತು. ಅಂಗಡಿಯವನು ಬ್ಯಾಟರಿ ಗಾಡಿಯಿಂದ ಇಳಿಸಿ, ಆಯಿಯ ಮನೆ ಯಾವುದು ಎಂದು ಕೇಳಿದ. ಕರೆಂಟು ಹೋಗಿತ್ತು, ಮಗ್ಗಗಳೆಲ್ಲ ಸುಮ್ಮನಿದ್ದವು. ಖಾನಾಪುರದ ಹುಡುಗಿ ಹೊಸ್ತಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು, ನಮ್ಮಂತೆಯೇ ದನಿ ಎತ್ತರಿಸಿ, "ಯಾವ ಆಯಿ ಅಂತ ಮೊದಲ ಹೇಳ್ರಿ" ಎಂದಳು.

ಒಳಗಿನಿಂದ ನನ್ನ ಗೆಳತಿ ನಕ್ಕಳು. ಗಿರಣಿಯವನು ಹೊರಗೆ ಬಂದು ನೋಡುವಷ್ಟು ನಕ್ಕಳು. ನಾನು ಕೆಮ್ಮಿಗಾಗಿ ಕಿವಿಗೊಟ್ಟು ನಿಂತಿದ್ದೆ, ಅದು ಬರಲಿಲ್ಲ.