ಪಟ್ಟಿ ಮೊದಲು ಅವಳ ತೋಳಿಗೆ

ಅವಳ ಎಡತೋಳು ಬಾಳೆದಿಂಡಿನ ಹಾಗೆ ನುಣುಪಾಗಿತ್ತು. ಭುಜದ ಕೆಳಗೆ ಚಿಕ್ಕಂದಿನ ಚುಚ್ಚುಮದ್ದಿನ ಗುಂಡು ಕಲೆ. ಆ ತೋಳು ನನಗೆ ಚೆನ್ನಾಗಿ ಗೊತ್ತು. ಬಿ.ಪಿ. ನೋಡುವ ಪಟ್ಟಿಯನ್ನು ಮೊದಲು ತನ್ನ ತೋಳಿಗೇ ಕಟ್ಟಿ, ಗಾಳಿ ಹಾಕಿ, "ನೋಡಿ ಅಜ್ಜಿ, ನಾನು ಸತ್ನಾ?" ಎಂದು ಅವಳು ಕೇಳಿದ ಮೇಲೆಯೇ ನಾನು ನನ್ನ ತೋಳು ಕೊಡುತ್ತಿದ್ದೆ. ಸುಮ್ಮನೆ ಯಾರನ್ನೂ ನಂಬುವವಳಲ್ಲ ನಾನು. ನಲವತ್ತು ವರ್ಷ ಎಸ್ಟೇಟಿನಲ್ಲಿ ಕಾಫಿ ಕೊಯ್ದಿದ್ದೇನೆ. ತೂಕದ ಕಲ್ಲನ್ನೂ ಎತ್ತಿ ನೋಡಿಯೇ ಚೀಲ ಇಳಿಸಿದವಳು.

ಅವಳು ಆರೋಗ್ಯ ಉಪಕೇಂದ್ರದ ಸಿಸ್ಟರು. ತಿತಿಮತಿ ಕಡೆಯ ನಮ್ಮ ಎಸ್ಟೇಟ್ ಕೂಲಿಯವರ ಲೈನುಮನೆಗಳಿಗೆ ಪ್ರತಿ ಮಂಗಳವಾರ ಬರುತ್ತಿದ್ದಳು. ವಯಸ್ಸು ಇಪ್ಪತ್ತಾರೋ ಏಳೋ. ತವರು ಸಂಪಾಜೆ, ಮದುವೆಯಾಗಿ ಇತ್ತ ಬಂದವಳು. ವಾರದ ಮಾತ್ರೆ ಕೊಟ್ಟು, ಒಂದನ್ನು ಎದುರಿಗೇ ನುಂಗಿಸುತ್ತಿದ್ದಳು. ಅದನ್ನು ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಬೇಲಿಗೆ ಉಗುಳುವುದು ನನ್ನ ಅಭ್ಯಾಸ. ಎರಡನೇ ವಾರಕ್ಕೇ ಹಿಡಿದಳು.

"ಅಜ್ಜಿ, ನಾಲಿಗೆ ಎತ್ತಿ."

"ನುಂಗಿದೆ ಕಣೆ."

"ಹೇಳಿದ್ದು ಬೇರೆ, ಕಂಡದ್ದು ಬೇರೆ. ನಾನು ಕಂಡದ್ದನ್ನೇ ಬರಿಯೋದು. ಎತ್ತಿ."

ಎತ್ತಿದೆ. ಮಾತ್ರೆ ಅಲ್ಲೇ ಇತ್ತು. "ನಿಮ್ಮ ಬೇಲಿಗೆ ಬಿ.ಪಿ. ಇಲ್ಲ ಅಜ್ಜಿ" ಎಂದು ನಕ್ಕಳು.

ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಬಂದಳು. ಪಟ್ಟಿಯನ್ನು ಅದರ ಮೇಲೆಯೇ ಕಟ್ಟಿಕೊಂಡಳು. ನಾನು ಸ್ವೆಟರನ್ನು ಮೇಲಕ್ಕೆ ಸರಿಸಿದೆ. ತೋಳಿನ ಹೊರಗಡೆ ನಾಲ್ಕು ನೀಲಿ ಗುರುತು, ಒಳಗಡೆ ಒಂದು.

"ಮೆಣಸು ಕೊಯ್ಯೋ ಏಣಿ ತಾಗ್ತು" ಎಂದಳು.

"ಏಣಿಗೆ ಐದು ಬೆರಳು ಉಂಟಾ?"

ಅವಳು ಪಟ್ಟಿ ಸುತ್ತಿ ಚೀಲಕ್ಕೆ ಹಾಕಿದಳು. "ಅವರಿಗೆ ಕೋಪ ಜಾಸ್ತಿ. ಅಮ್ಮನಿಗೆ ಗೊತ್ತಾದ್ರೆ ಎದೆ ಒಡೀತದೆ ಅಜ್ಜಿ. ಸುಮ್ನಿರಿ."

ಸುಮ್ಮನಿದ್ದೆ. ಅದು ನಾನು ಮಾಡಿದ ತಪ್ಪು. ಅದಕ್ಕೆ ಬೇರೆ ಹೆಸರಿಲ್ಲ.

ಅದೇ ವರ್ಷ ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಅವಳ ಗಂಡನ ಮನೆಯಿಂದ ನನ್ನನ್ನು ಕರೆಯಲು ಜೀಪು ಬಂತು. ಈ ಕಡೆ ಹೆಂಗಸರು ಸತ್ತರೆ ಹೆಣ ಮೀಯಿಸುವವಳು ನಾನೇ. ಸಿಸ್ಟರು ಬಚ್ಚಲಲ್ಲಿ ಜಾರಿ ಬಿದ್ದು ಸತ್ತಳು ಎಂದರು. ಹೋಗಿ ನೋಡಿದರೆ ಹಂಡೆಯಲ್ಲಿ ನೀರು ಕಾದಿತ್ತು, ಸುಡುವ ಸೌದೆಯೂ ಬಂದಿತ್ತು.

"ಸಂಪಾಜೆಗೆ ಫೋನ್ ಮಾಡಿದ್ರಾ?" ಎಂದೆ.

ಗಂಡ ಗೋಡೆ ನೋಡಿದ. ಸತ್ತು ಮೂರು ಗಂಟೆಯಾಗಿಲ್ಲ. ಸೌದೆ ಬಂದಿದೆ, ತಾಯಿಗೆ ಸುದ್ದಿ ಹೋಗಿಲ್ಲ.

ಬಾಗಿಲು ಮುಂದೆ ಮಾಡಿಕೊಂಡು ಅವಳ ತೋಳು ನೋಡಿದೆ. ಎರಡೂ. ಹಳದಿಗೆ ತಿರುಗಿದ್ದು, ನೀಲಿ, ಹೊಸ ಕೆಂಪು. ಕತ್ತಿನಲ್ಲೂ ಇತ್ತು. ಜಾರಿ ಬಿದ್ದವಳ ಕತ್ತಿನ ಎರಡೂ ಪಕ್ಕ ಬೆರಳು ಮೂಡುವುದಿಲ್ಲ. ಮೀಯಿಸಿ, ಅರಿಸಿನ ಬಳಿದು, ಹೊಸ ಸೀರೆ ಸುತ್ತಿದರೆ ಮುಗಿಯಿತು. ಆಮೇಲೆ ಯಾರೂ ಬಿಚ್ಚಿ ನೋಡುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಚೊಂಬು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕುಳಿತೆ.

"ನೀರು ಆರ್ತದೆ, ಏಳಿ" ಎಂದಳು ಅವಳ ಅತ್ತೆ.

"ಆರಲಿ. ಹೆತ್ತವಳು ಬರಲಿ. ಪೊಲೀಸ್ನೋರೂ ಬರಲಿ."

"ಲೈನುಮನೆ ಮುದುಕಿಗೆ ಎಷ್ಟು ಸೊಕ್ಕು ನೋಡಿ!"

"ಸೊಕ್ಕೇ. ಹಾಗಾದ್ರೆ ನೀವೇ ಮೀಯ್ಸಿ. ನನ್ನನ್ನ ದಾಟಿ ಹೋಗಿ."

ಯಾರೂ ದಾಟಲಿಲ್ಲ. ನನ್ನನ್ನು ಕರೆತಂದ ಜೀಪಿನವನೇ ರಸ್ತೆಗೆ ಹೋಗಿ ಫೋನು ಮಾಡಿದ. ಪೊಲೀಸರು ಬಂದರು. ಮಧ್ಯಾಹ್ನದ ಮೇಲೆ ತಾಯಿ ಬಂದಳು. ಆಸ್ಪತ್ರೆಯಲ್ಲಿ ಕೊಯ್ದು ನೋಡಿ ಕೊಟ್ಟ ಮೇಲೆ ಅವಳನ್ನು ಮೀಯಿಸಿದೆವು, ನಾನೂ ಆ ತಾಯಿಯೂ.

ಸ್ಟೇಷನ್ನಿನಲ್ಲಿ ಕೊಂದದ್ದು ಯಾರೆಂದು ಕೇಳಿದರು. ಅದನ್ನು ನಾನು ಕಂಡಿಲ್ಲ ಎಂದೆ. ಕಂಡದ್ದನ್ನಷ್ಟೇ ಹೇಳಿದೆ, ಬೇಸಿಗೆಯ ಐದು ಗುರುತೂ ಸೇರಿ. ಬರೆದದ್ದನ್ನು ಎರಡು ಸಲ ಓದಿಸಿ ಕೇಳಿ ಸಹಿ ಹಾಕಿದೆ. ಕೇಸು ಇನ್ನೂ ನಡೆಯುತ್ತಿದೆ. ಅವಳ ಗಂಡ ಜಾಮೀನಿನಲ್ಲಿದ್ದಾನೆ, ಗೋಣಿಕೊಪ್ಪಲಿನ ಸಂತೆಯಲ್ಲಿ ನನ್ನನ್ನು ಕಂಡರೆ ಆಚೆ ಸಾಲಿಗೆ ಸರಿಯುತ್ತಾನೆ.

ಈಗ ಮಂಗಳವಾರ ಬೇರೆ ಹುಡುಗಿ ಬರುತ್ತಾಳೆ. ಮಾತ್ರೆ ನುಂಗಿ, ಅವಳು ಕೇಳದಿದ್ದರೂ ನಾಲಿಗೆ ಎತ್ತಿ ತೋರಿಸುತ್ತೇನೆ. ಅದಕ್ಕೂ ಮೊದಲು ಒಂದು ಕೆಲಸ ಉಂಟು.

"ಪಟ್ಟಿ ಮೊದ್ಲು ನಿನ್ನ ತೋಳಿಗೆ ಕಟ್ಟು."

"ನೋಯಲ್ಲ ಅಜ್ಜಿ, ಹೆದರ್ಬೇಡಿ" ಎಂದು ನಗುತ್ತಾಳೆ.

"ಕಟ್ಟು. ಆಮೇಲೆ ಇನ್ನೊಂದು ತೋಳಿಗೂ."