ಶತ್ರುವಿಲ್ಲದವರ ಬಂದೂಕು

ಮಹದೇವಪುರದ ಮುನಿಆಂಜನಪ್ಪನವರ ತಂದೆ ಅಬ್ಬಯ್ಯಪ್ಪನವರ ಬಳಿ ಒಂದು ಜೋಡಿ ನಳಿಗೆಯ ಕೋವಿ ಇತ್ತು. ಅದು ಯಾರನ್ನೂ ಕೊಂದದ್ದಿಲ್ಲ. ರಾಗಿ ಹೊಲಕ್ಕೆ ನುಗ್ಗುವ ಹಂದಿಗಳು ಕೂಡ ಅದನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರಲಿಲ್ಲ. ಆದರೆ ಎಲೆಕ್ಷನ್ ಬಂತೆಂದರೆ ಅದರ ಕಳೆಯೇ ಬೇರೆ. ಲೈಸೆನ್ಸ್ ಇರುವ ಕೋವಿಗಳನ್ನು ಮತದಾನ ಮುಗಿಯುವ ತನಕ ಪೊಲೀಸ್ ಠಾಣೆಯಲ್ಲಿ ಇಡಬೇಕಿತ್ತು. ಬೇರೆಯವರು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದರೆ, ಅಬ್ಬಯ್ಯಪ್ಪನವರು ಬಿಳಿ ಪಂಚೆ ಉಟ್ಟು, ಮೀಸೆಗೆ ಎಣ್ಣೆ ತೀಡಿ, ಕೋವಿಯನ್ನು ಹೆಗಲಿಗೇರಿಸಿ ನಡೆದೇ ಹೋಗುತ್ತಿದ್ದರು. ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಠಾಣೆಯಲ್ಲಿ ಸಾಹೇಬರು ಕುರ್ಚಿ ಕೊಡುತ್ತಿದ್ದರು. ತಂದೆಯ ಹಿಂದೆ ತೋಟಾಚೀಲ ಹೊತ್ತು ಹೋಗುತ್ತಿದ್ದ ಮುನಿಆಂಜನಪ್ಪನವರು ಆ ಕುರ್ಚಿಯನ್ನು ನೋಡಿ ನೋಡಿಯೇ ದೊಡ್ಡವರಾದರು.

ತಂದೆ ಹೋದರು. ಕೋವಿ ಸರ್ಕಾರಕ್ಕೆ ಹೋಯಿತು. ರಾಗಿ ಹೊಲ ಇದ್ದಲ್ಲಿ ಐದು ಅಂತಸ್ತಿನ ಪಿಜಿ ಎದ್ದಿತು. ಅದರ ಹುಡುಗರು ಮುನಿಆಂಜನಪ್ಪನವರನ್ನು ‘ಓನರ್ ಅಂಕಲ್’ ಎಂದು ಕರೆಯುತ್ತಾರೆ, ಅದೂ ಗೀಸರ್ ಕೆಟ್ಟಾಗ ಮಾತ್ರ. ಈ ಅವಮಾನವನ್ನೆಲ್ಲ ಅವರು ನುಂಗಿಕೊಂಡಿದ್ದರು. ಆದರೆ ಈ ಸಲದ ಆಯುಧಪೂಜೆಯಲ್ಲಿ, ಒಂದು ಕಾಲಕ್ಕೆ ಕೋವಿಗೆ ಆಗುತ್ತಿದ್ದ ಪೂಜೆಯನ್ನು ಲಿಫ್ಟಿನ ಮೋಟಾರಿಗೂ ಹೆಂಡತಿಯ ಮಿಕ್ಸಿಗೂ ಮಾಡುವಾಗ ತಡೆಯಲಾಗಲಿಲ್ಲ.

‘ಮನೇಲಿ ಒಂದು ಬಂದೂಕು ಇರ್ಬೇಕು ಕಣೆ,’ ಎಂದರು.

‘ಮೊದ್ಲು ಸಿಂಕಿನ ನಲ್ಲಿ ರಿಪೇರಿ ಮಾಡ್ಸಿ,’ ಎಂದರು ಮುನಿಶಾಮಮ್ಮ.

ಮರುದಿನವೇ ಅವರು ಪಿಳ್ಳಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಿವಾಜಿನಗರದ ಕಡೆ ಹೊರಟರು. ಪಿಳ್ಳಪ್ಪ ಅವರ ಚಿಕ್ಕಪ್ಪನ ಮಗ. ಅಂದರೆ ದಾಯಾದಿ. ಜಮೀನು ಭಾಗವಾದ ಮೇಲೆ ದಾಯಾದಿಗಳು ಒಬ್ಬರ ಮುಖ ಒಬ್ಬರು ನೋಡಬಾರದು ಎಂಬುದು ಆ ಕಡೆಯ ಹಳ್ಳಿಗಳ ಸಂಪ್ರದಾಯ. ಇವರಿಬ್ಬರೂ ಆ ಸಂಪ್ರದಾಯಕ್ಕೆ ದ್ರೋಹ ಬಗೆದು ದಿನಾ ಬೆಳಿಗ್ಗೆ ದರ್ಶಿನಿಯಲ್ಲಿ ಒಟ್ಟಿಗೆ ತಿಂಡಿ ತಿನ್ನುತ್ತಿದ್ದರು. ಹೋದ ವರ್ಷ ಪಿಳ್ಳಪ್ಪನ ಎದೆಗೆ ಸ್ಟೆಂಟ್ ಹಾಕಿದ್ದರಿಂದ ಅವನ ಪಾಲಿನ ವಡೆಯನ್ನು ಅಣ್ಣನೇ ತಿನ್ನಬೇಕಾಗಿತ್ತು. ಅಣ್ಣನಿಗೆ ಸಕ್ಕರೆ ಕಾಯಿಲೆಯಾದ್ದರಿಂದ ಅವರ ಪಾಲಿನ ಕೇಸರಿಬಾತು ತಮ್ಮನಿಗೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಬದುಕಿಸಿಕೊಂಡಿದ್ದರು.

ಅಲ್ಲಿನ ಬಂದೂಕಿನ ಅಂಗಡಿಯ ಓವೈಸ್ ಎರಡು ಏರ್‌ಗನ್ ತೆಗೆದಿಟ್ಟ. ಪಕ್ಕದಲ್ಲಿ ಎರಡು ಡಬ್ಬಿ ತೆರೆದು ಗಾಜಿನ ಮೇಲೆ ಪೆಲೆಟ್ ಗುಂಡು ಸುರಿದ. ಒಂದು ಹೆಸರುಕಾಳಿನಷ್ಟು, ಇನ್ನೊಂದು ಒಣ ಬಟಾಣಿಯಷ್ಟು.

‘ಕೋತಿ, ಪಾರಿವಾಳ ಹೊಡೀತೀನಿ ಅಂದ್ರೆ ನಾನು ಕೊಡಲ್ಲ ಸಾರ್, ಮೊದ್ಲೇ ಹೇಳ್ಬಿಡ್ತೀನಿ. ಡಬ್ಬ ಇಟ್ಟು ಹೊಡೀರಿ. ನೋಡಿ, ಈ ಸಣ್ಣದು ಒನ್ ಸೆವೆನ್ ಸೆವೆನ್. ಹಗುರ, ಸೀದಾ ಹೋಗ್ತದೆ. ಕಾಂಪಿಟೇಶನ್‌ಗೆಲ್ಲ ಇದೇ. ಈ ದಪ್ಪದ್ದು ಟೂ ಟೂ. ಭಾರ ಅಲ್ವಾ, ಸ್ವಲ್ಪ ದೂರ ಹೋದ್ರೆ ಬಗ್ತದೆ. ಆದ್ರೆ ಏಟು ಜೋರು. ನಿಮ್ಗೆ ಸಣ್ಣದೇ ಬೆಸ್ಟ್. ಆಧಾರ್ ಕೊಡಿ, ಈಗ್ಲೇ ಎತ್ಕೊಂಡು ಹೋಗಿ. ಟೂ ಟೂ ಆದ್ರೆ ಲೈಸೆನ್ಸ್ ಆಗ್ಬೇಕು, ಪೊಲೀಸ್ ಎನ್‌ಕ್ವೈರಿ ಆಗ್ಬೇಕು. ಯಾಕ್ ಸಾರ್ ತಲೆನೋವು?’

ಮುನಿಆಂಜನಪ್ಪನವರ ಕಿವಿ ನಿಮಿರಿತು. ‘ಲೈಸೆನ್ಸ್ ಬೇಕಾ?’

‘ಬೇಕೇ ಬೇಕು.’

‘ಎಲೆಕ್ಷನ್ ಬಂದ್ರೆ ಸ್ಟೇಷನ್‌ಗೆ ಕೊಡ್ಬೇಕಾಗುತ್ತಾ?’

‘ಆ ಕಾಟಾನೂ ಇದೆ ಸಾರ್.’

‘ಹಾಗಾದ್ರೆ ಟೂ ಟೂನೇ ಇರ್ಲಿ!’

ಕಾಟ ಇದೆ ಎಂದು ಖುಷಿಪಟ್ಟ ಗಿರಾಕಿಯನ್ನು ಓವೈಸ್ ಅದುವರೆಗೆ ಕಂಡಿರಲಿಲ್ಲ. ಅವನು ಒಂದು ಲೋಟ ನೀರು ಕುಡಿದ.

ಅರ್ಜಿ ಹಾಕಿದ ಕೆಲವು ದಿನಗಳ ಮೇಲೆ ಠಾಣೆಯಿಂದ ಒಬ್ಬ ಪೇದೆ ವಿಚಾರಣೆಗೆ ಮನೆಗೆ ಬಂದ. ಸಭ್ಯ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೂತ.

‘ಗನ್ ಯಾಕ್ ಬೇಕು ಸಾರ್?’

ಕುರ್ಚಿಗಾಗಿ ಎಂದು ಹೇಳುವುದು ಹೇಗೆ? ಮುನಿಆಂಜನಪ್ಪನವರು ಕೆಮ್ಮಿ, ದನಿಯನ್ನು ತಗ್ಗಿಸಿ, ‘ಪ್ರಾಣಭಯ,’ ಎಂದರು.

ಕಾಫಿ ತಂದ ಮುನಿಶಾಮಮ್ಮ ಅಲ್ಲೇ ನಿಂತರು. ‘ಇವ್ರನ್ನ ಯಾರ್ ಸಾಯಿಸ್ತಾರೆ ಸಾರ್? ಇವ್ರ ಮಾತು ಕೇಳ್ತಾ ಕೂತ್ರೆ ಅವ್ರೇ ಸಾಯ್ಬೇಕು.’

ಪೇದೆ ನಗು ನುಂಗಿಕೊಂಡ. ‘ಯಾರಿಂದ ಭಯ ಅಂತ ಹೇಳ್ಬೇಕಾಗುತ್ತೆ ಸಾರ್.’

ಅಬ್ಬಯ್ಯಪ್ಪನ ಮಗನಿಗೆ, ಇಷ್ಟು ದೊಡ್ಡ ಕಟ್ಟಡದ ಯಜಮಾನನಿಗೆ, ಒಬ್ಬ ಶತ್ರುವೂ ಇಲ್ಲವೆಂದರೆ ಜನ ಏನೆಂದಾರು? ಮುನಿಆಂಜನಪ್ಪನವರು ಮನಸ್ಸಿನಲ್ಲೇ ಬೀದಿಯ ಈ ತುದಿಯಿಂದ ಆ ತುದಿಗೆ ಹುಡುಕಿದರು. ನೀರಿನ ಟ್ಯಾಂಕರಿನವನು ಸಿಕ್ಕಾಗಲೆಲ್ಲ ಕೈಮುಗಿಯುತ್ತಾನೆ. ಪಿಜಿ ಹುಡುಗರು ಹುಟ್ಟುಹಬ್ಬದ ಕೇಕು ತಂದುಕೊಡುತ್ತಾರೆ. ಎಂಥ ದರಿದ್ರ ಊರು! ಪೇದೆ ಕಾಯುತ್ತಿದ್ದ. ಬುದ್ಧಿ ಇನ್ನೂ ಹುಡುಕುತ್ತಿರುವಾಗಲೇ ಬಾಯಿ ಹೇಳಿಬಿಟ್ಟಿತು:

‘ದಾಯಾದಿ ಇದಾನೆ. ಪಿಳ್ಳಪ್ಪ ಅಂತ.’

‘ಓ, ದಾಯಾದಿ,’ ಎಂದ ಪೇದೆ. ಆ ಒಂದು ಮಾತಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಅವನು ಗೇಟು ದಾಟಿದ್ದೇ ತಡ, ಮುನಿಶಾಮಮ್ಮ ತಿರುಗಿಬಿದ್ದರು. ‘ಥೂ, ನಿಮ್ಮ ಬಾಯಿಗಿಷ್ಟು! ಆ ಪಾಪದ ಮನುಷ್ಯನ ಎದೇಲಿ ಸ್ಪ್ರಿಂಗ್ ಇಟ್ಟವ್ರೆ. ಸ್ಟೇಷನ್‌ನಿಂದ ಫೋನ್ ಬಂದ್ರೆ ಏನ್ ಗತಿ? ನೀವೇ ಹೆಸರು ಕೊಟ್ಟಿದ್ದು ಅಂತ ಗೊತ್ತಾದ್ರೆ ಅವನೆದೆ ನಿಂತೋಗಲ್ವಾ?’

ಹೋಗಿ ಹೇಳಿಬಿಡಬೇಕೆಂದು ಅವರು ಚಪ್ಪಲಿ ಮೆಟ್ಟಿದರು. ಆದರೆ ಏನೆಂದು ಹೇಳುವುದು? ‘ಸಮಯಕ್ಕೆ ನಿನ್ನ ಹೆಸರು ಉಪಯೋಗಕ್ಕೆ ಬಂತು ತಮ್ಮಾ’ ಎಂದೇ? ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಮೆಲ್ಲಗೆ ಹೇಳಿದರಾಯಿತೆಂದು ಚಪ್ಪಲಿ ಬಿಟ್ಟರು.

ಬೆಳಿಗ್ಗೆ ಪಿಳ್ಳಪ್ಪ ದರ್ಶಿನಿಗೆ ಬರಲಿಲ್ಲ. ಇಡ್ಲಿ ಆರಿತು, ಸಾಂಬಾರಿನ ಮೇಲೆ ಕೆನೆ ಕಟ್ಟಿತು. ಫೋನು ಮಾಡಿದರೆ ಎತ್ತಲಿಲ್ಲ. ಮುನಿಆಂಜನಪ್ಪನವರು ಅವನ ಮನೆಗೆ ಓಡಿದರು. ಸೊಸೆ ಶ್ವೇತ ಬಾಗಿಲಲ್ಲೇ ನಿಂತಿದ್ದಳು.

‘ಸ್ಟೇಷನ್‌ನಿಂದ ಫೋನ್ ಬಂತು ದೊಡ್ಡಮಾವ. ಮುಖ ಒಂಥರಾ ಆಯ್ತು. ಏನೂ ಹೇಳ್ದೆ ಹೊರಟ್ಬಿಟ್ರು. ಮಾತ್ರೆ ಕೂಡ ತಗೊಂಡಿಲ್ಲ.’

ಮಾತ್ರೆಯ ಸ್ಟ್ರಿಪ್ಪನ್ನು ಅವಳ ಕೈಯಿಂದ ಕಿತ್ತುಕೊಂಡು ಅವರು ಹೊರಟರು. ರಿಂಗ್ ರೋಡಿನಲ್ಲಿ ಗಾಡಿಗಳು ನಿಂತಲ್ಲೇ ನಿಂತಿದ್ದವು. ಸ್ಕೂಟರನ್ನಾಗಲಿ ಆಟೋವನ್ನಾಗಲಿ ನಂಬಿ ಪ್ರಯೋಜನವಿಲ್ಲವೆಂದು ನಡೆದೇ ಹೋದರು. ತಂದೆ ಕೋವಿ ಹೊತ್ತು ನಡೆದದ್ದೂ ಇದೇ ದಾರಿ. ಈಗ ಕಟ್ಟೆಯೂ ಇರಲಿಲ್ಲ, ಏಳುವವರೂ ಇರಲಿಲ್ಲ. ಐಡಿ ಕಾರ್ಡು ನೇತುಹಾಕಿಕೊಂಡ ಒಬ್ಬ ಹುಡುಗಿ, ‘ಅಂಕಲ್, ಸೈಡ್,’ ಎಂದಳು. ಮುನಿಆಂಜನಪ್ಪನವರಿಗೆ ಅದು ಕೇಳಿಸಲೂ ಇಲ್ಲ. ‘ಮಹೇಶ್ವರಮ್ಮಾ, ಟೂ ಟೂನೂ ಬೇಡ, ಒನ್ ಸೆವೆನ್ ಸೆವೆನ್ನೂ ಬೇಡ. ಅವನೊಬ್ಬ ಉಳಿದ್ರೆ ಸಾಕು,’ ಎಂದು ಊರದೇವತೆಯನ್ನು ಬೇಡಿಕೊಳ್ಳುತ್ತಾ ಠಾಣೆಯ ಮೆಟ್ಟಿಲು ಹತ್ತಿದರು.

ಒಳಗಿನಿಂದ ಪಿಳ್ಳಪ್ಪನ ದನಿ ಕೇಳಿತು. ಆದರೆ ಅದು ಪಿಳ್ಳಪ್ಪನ ದನಿಯಂತೆ ಇರಲಿಲ್ಲ.

‘ಹೌದು ಸಾರ್. ಕೋಪ ಬಂದ್ರೆ ನಾನು ಮನುಷ್ಯನೇ ಅಲ್ಲ. ನಮ್ಮಣ್ಣ ಹೆದರೋದ್ರಲ್ಲಿ ತಪ್ಪೇನಿಲ್ಲ.’

ಮದುವೆಗೆಂದು ಎತ್ತಿಟ್ಟಿದ್ದ ಇಸ್ತ್ರಿ ಅಂಗಿ ತೊಟ್ಟು, ಚಿನ್ನದ ಬಣ್ಣದ ವಾಚು ಕಟ್ಟಿ, ಸ್ಟೆಂಟ್ ಇದ್ದ ಎದೆಯನ್ನು ಮುಂದಕ್ಕೆ ತಳ್ಳಿ ಅವನು ನಿಂತಿದ್ದ. ಮುಖ ಹೊಳೆಯುತ್ತಿತ್ತು. ಪಾಪ, ಹುಟ್ಟಿದಾಗಿನಿಂದ ಪಿಳ್ಳಪ್ಪನಿಗೆ ಯಾರೂ ಹೆದರಿರಲಿಲ್ಲ. ಬೀದಿನಾಯಿಗಳು ಕೂಡ ಅವನನ್ನು ಕಂಡರೆ ಮಲಗಿದಲ್ಲಿಂದ ಏಳುತ್ತಿರಲಿಲ್ಲ.

‘ಸುಳ್ಳು ಸಾರ್!’ ಎಂದು ಕೂಗಿದರು ಮುನಿಆಂಜನಪ್ಪನವರು. ‘ಇವ್ನು ಜಿರಲೆ ಕಂಡ್ರೆ ಮಂಚ ಹತ್ತೋನು!’

‘ಅಣ್ಣಾ, ನೀನ್ ಸುಮ್ನಿರು. ಒಂದ್ ಸಲ ಹೇಳಿದ್ಮೇಲೆ ಮಾತು ತಪ್ಪಬಾರ್ದು.’

‘ಲೋ, ನಾನ್ ಹೇಳಿದ್ದೇ ತಪ್ಪು ಕಣೋ!’

‘ಅಂದ್ರೆ ನಿಂಗೆ ನನ್ನ ಕಂಡ್ರೆ ಭಯ ಇಲ್ವಾ?’ ಪಿಳ್ಳಪ್ಪನ ಮುಖ ಸಣ್ಣಗಾಯಿತು.

ಮೇಜಿನ ಆಚೆ ಕೂತಿದ್ದ, ಮನೆಗೆ ಬಂದಿದ್ದ ಅದೇ ಪೇದೆಗೆ ಇನ್ನು ತಡೆಯಲಾಗಲಿಲ್ಲ. ಮೇಜಿನ ಮೇಲೆ ಕೈಯಿಟ್ಟು ನಕ್ಕುಬಿಟ್ಟ. ‘ಇಬ್ರೂ ಸಾಕು ಮಾಡಿ ಸಾರ್. ದಿನಾ ದರ್ಶಿನೀಲಿ ನಿಮ್ಮ ಪಕ್ಕದಲ್ಲೇ ನಿಂತು ದೋಸೆ ತಿನ್ನೋನು ನಾನು. ಮಫ್ತೀಲಿ ಇರ್ತೀನಿ, ನೀವು ನೋಡಿಲ್ಲ. ಇವರ ಕೇಸರಿಬಾತ್ ಅವರಿಗೆ, ಅವರ ವಡೆ ಇವರಿಗೆ. ಇಂಥಾ ದಾಯಾದಿಗಳನ್ನ ನನ್ನ ಸರ್ವೀಸ್‌ನಲ್ಲೇ ಕಂಡಿಲ್ಲ. ಪಿಳ್ಳಪ್ಪ ಅಂದ್ರೆ ಇವರೇನಾ ಅಂತ ನೋಡೋಕೇ ಕರೆಸ್ದೆ.’

ಮುನಿಆಂಜನಪ್ಪನವರು ಗೋಡೆ ಹಿಡಿದುಕೊಂಡು, ‘ಅರ್ಜಿ ವಾಪಸ್ ತಗೋತೀನಿ ಸಾರ್,’ ಎಂದರು.

ಅವರು ಬೆವರುವುದನ್ನು ಕಂಡ ಪೇದೆ ಒಂದು ಕುರ್ಚಿ ಎಳೆದ. ‘ಕೂತ್ಕೊಳ್ಳಿ ಸಾರ್.’

ಕುರ್ಚಿ! ಪ್ಲಾಸ್ಟಿಕ್ಕಿನದು, ಒಂದು ಕೈ ಮುರಿದದ್ದು. ಆದರೂ ಠಾಣೆಯ ಕುರ್ಚಿ. ಮುನಿಆಂಜನಪ್ಪನವರು ಅದನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಪಿಳ್ಳಪ್ಪನ ಭುಜ ಹಿಡಿದು ಅವನನ್ನು ಅದರಲ್ಲಿ ಕೂರಿಸಿದರು.

‘ಮೊದ್ಲು ಮಾತ್ರೆ ನುಂಗು. ಆಮೇಲೆ ರೌಡಿಯಾಗು.’

ಪಿಳ್ಳಪ್ಪ ನೀರು ಕುಡಿಯುವ ತನಕ ಅವರು ಕುರ್ಚಿಯ ಹಿಂದೆ ನಿಂತಿದ್ದರು.

ಆ ಭಾನುವಾರ ಇಬ್ಬರೂ ಮತ್ತೆ ಅಂಗಡಿಗೆ ಹೋದರು. ಹೆಸರುಕಾಳಿನ ಡಬ್ಬಿ ನೋಡಿ ಪಿಳ್ಳಪ್ಪನಿಗೆ ಸಿಟ್ಟು ಬಂತು.

‘ನನ್ನ ಭಯಕ್ಕೆ ತಾನೆ ಇದೆಲ್ಲ ಶುರುವಾಗಿದ್ದು? ನನ್ನಂಥೋನಿಗೆ ಇದಾ? ಟೂ ಟೂನೇ ತಗೋ ಅಣ್ಣ, ನನ್ನ ಮರ್ಯಾದೆ ಪ್ರಶ್ನೆ.’

‘ನಿನ್ನ ಮರ್ಯಾದೆಗೆ ಇದೇ ಜಾಸ್ತಿ.’

‘ಲೈಸೆನ್ಸ್ ಏನಾಯ್ತು ಸಾರ್?’ ಎಂದ ಓವೈಸ್, ಆಧಾರ್ ತೆಗೆದುಕೊಳ್ಳುತ್ತಾ.

‘ಅದಕ್ಕೆ ಶತ್ರು ಬೇಕಂತೆ ಕಣಪ್ಪ. ನಂಗೆ ಒಬ್ಬನೂ ಹೊಂದಿಬರ್ಲಿಲ್ಲ.’

ಬಂದೂಕಿನ ಡಬ್ಬವನ್ನು ಕೂಸಿನಂತೆ ತಬ್ಬಿಕೊಂಡು ಪಿಳ್ಳಪ್ಪ ಸ್ಕೂಟರಿನ ಹಿಂದೆ ಕೂತ. ಇಂದಿರಾನಗರದ ಸಿಗ್ನಲ್ಲಿನಲ್ಲಿ ಪಕ್ಕದ ಹೋಟೆಲಿನಿಂದ ಕರಿದ ವಾಸನೆ ತೇಲಿ ಬಂತು.

‘ಅಣ್ಣಾ, ಇವತ್ತೊಂದಿನ ಒಂದ್ ವಡೆ ತಿನ್ಲಾ?’

‘ಬೇಡ.’

‘ಇಷ್ಟು ಗಟ್ಟಿಯಾಗಿ ಬೇಡ ಅಂತೀಯಲ್ಲ, ನಿಂಗೆ ಪ್ರಾಣಭಯ ಇಲ್ವಾ?’

‘ಇದೆ ಕಣೋ,’ ಎಂದರು ಮುನಿಆಂಜನಪ್ಪನವರು. ‘ಅದಕ್ಕೇ ಬೇಡ ಅಂದಿದ್ದು.’