ನೀರಿನಲ್ಲಿ ನಡೆದದ್ದು

ನಮ್ಮ ದಾವಣಗೆರೆಯಲ್ಲಿ ನಲ್ಲಿ ನೀರಿಗೆ ಒಮ್ಮೊಮ್ಮೆ ಬ್ಲೀಚಿಂಗ್ ಪೌಡರ್ ಒಂದು ಹಿಡಿ ಜಾಸ್ತಿಯೇ ಬಿದ್ದಿರುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಬೈಯುತ್ತಿದ್ದರೆ ನಾನೊಬ್ಬಳೇ ತೊಟ್ಟಿಯ ಮೇಲೆ ಬಗ್ಗಿ ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ನಿಮಗೆ ವಿಚಿತ್ರ ಅನ್ನಿಸಬಹುದು. ಆ ವಾಸನೆ ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ, ಮೈ ಹಗುರಾಗುತ್ತದೆ. ಕಾರಣ ಹೇಳಬೇಕೆಂದರೆ ನಿಮ್ಮನ್ನು ಜಪಾನಿನವರೆಗೆ ಕರೆದುಕೊಂಡು ಹೋಗಬೇಕು. ಅದಕ್ಕೂ ಮೊದಲು ಹರಿಹರದ ಹೊಳೆಗೆ.

ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಮನೆಯಿಂದ ತುಂಗಭದ್ರೆ ಕೂಗಳತೆಯ ದೂರ. ಒಂಬತ್ತು ವರ್ಷದವಳಿದ್ದಾಗ, ಬಟ್ಟೆ ಒಗೆಯಲು ಹೋದ ಅವ್ವನ ಬೆನ್ನು ಹತ್ತಿ ಹೋಗಿ, ಪಾಚಿಗಲ್ಲಿನ ಮೇಲೆ ಜಾರಿ ಮುಳುಗಿದ್ದೆ. ಪಕ್ಕದ ಮನೆಯ ಖೈರುನ್ಬಿ ಚಾಚಿ ದುಮುಕಿ, ಜಡೆ ಹಿಡಿದು ನನ್ನನ್ನು ದಡಕ್ಕೆ ಎಳೆದು ಹಾಕಿದರು. ನಾನು ನೀರು ಕಕ್ಕುತ್ತಿದ್ದಾಗಲೇ ಅವ್ವ ಬೆನ್ನಿಗೆ ಎರಡು ಬಾರಿಸಿ, "ಇನ್ನೊಂದ್ಸಲ ಹೊಳಿ ಕಡೆ ಮುಖ ಹಾಕಿದ್ರೆ ಕಾಲ್ ಮುರೀತೀನಿ ನೋಡು" ಅಂದಳು. ಕಾಲು ಮುರಿಯುವ ಪ್ರಮೇಯವೇ ಬರಲಿಲ್ಲ. ಮುಂದಿನ ನಲವತ್ತು ವರ್ಷ ನಾನು ತಂಬಿಗೆಗಿಂತ ದೊಡ್ಡ ನೀರಿನ ಸಹವಾಸಕ್ಕೇ ಹೋಗಲಿಲ್ಲ. ತಲೆಗೆ ನೀರು ಹಾಕಿಕೊಳ್ಳುವಾಗಲೂ ಕಣ್ಣು ಬಿಟ್ಟೇ ಇರುತ್ತಿದ್ದೆ. ಸೀಗೆಪುಡಿ ಉರಿದರೆ ಉರಿಯಲಿ, ಮುಳುಗುವುದಕ್ಕಿಂತ ವಾಸಿ.

ನಮ್ಮೆಜಮಾನರು ಗುತ್ತೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿಗೆ ಜಪಾನಿನಿಂದ ಯಂತ್ರ ತರಿಸುವವರಿದ್ದರು. ಅದರ ಕೆಲಸ ಕಲಿತು ಬರಲೆಂದು ಇವರನ್ನು ಒಂದು ವರ್ಷಕ್ಕೆ ಕಳಿಸಿದರು. ನಾನೂ ಹೋದೆ. ಆ ಊರಿನ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ಸರಿಯಾಗಿ ಹೊರಳುವುದಿಲ್ಲ. ಅಲ್ಲಿಯ ಚಳಿಗೆ ನನ್ನ ಮಂಡಿಗಳೆರಡೂ ಹಿಡಿದುಕೊಂಡವು. ಒಂದು ದಿನ ಇವರು ಕೆಲಸದಿಂದ ಬಂದವರೇ ಕೈಗೊಂದು ಚೀಲ ಕೊಟ್ಟರು. ಒಳಗೆ ಕುತ್ತಿಗೆಯಿಂದ ಕಾಲಿನ ಹರಡಿನವರೆಗೆ ಮೈ ಮುಚ್ಚುವ ಕರಿ ಉಡುಪು, ಜೊತೆಗೊಂದು ರಬ್ಬರ್ ಟೋಪಿ.

"ಏನ್ರೀ ಇದು?"

"ಪಕ್ಕದ ಬೀದ್ಯಾಗೆ ಈಜೋ ಕೊಳ ಐತೆ. ಯಾರ್ ಬೇಕಾದ್ರೂ ಹೋಗ್ಬೋದಂತೆ."

"ನಾನ್ ಸತ್ರೂ ಬರಲ್ಲ."

"ಈಜೋದ್ ಬ್ಯಾಡ ಬಿಡು. ಅಲ್ಲಿ ನೀರಾಗೆ ನಡ್ಯಾಕಂತ್ಲೇ ಒಂದ್ ಸಾಲು ಬಿಟ್ಟಾರೆ. ಮುದುಕ್ರೆಲ್ಲ ನಡೀತಾರೆ, ಮಂಡಿಗೆ ಒಳ್ಳೇದು ಅಂತ."

ಮುದುಕರ ಪಟ್ಟಿಗೆ ನನ್ನನ್ನೂ ಸೇರಿಸಿದರಲ್ಲ, ಆ ಸಿಟ್ಟಿಗೇ ಹೊರಟೆ.

ಬಾಗಿಲಲ್ಲಿ ಕೂತಿದ್ದ ಹೆಂಗಸು ನನ್ನ ಕೊರಳನ್ನೂ ಮೂಗನ್ನೂ ತೋರಿಸಿ ಕೈಯಾಡಿಸಿದಳು. ಒಡವೆ ಹಾಕಿಕೊಂಡು ನೀರಿಗಿಳಿಯುವಂತಿಲ್ಲ. ತಾಳಿ ಬಿಚ್ಚಲು ಕೈ ಬರದೆ ನಿಂತಿದ್ದೆ. "ನಾನೇ ಇಲ್ಲಿ ಗಟ್ಟಿಯಾಗಿ ನಿಂತೀನಿ, ತಾಳಿ ಬಿಚ್ಚಿದ್ರೆ ಏನಾಗ್ತೈತೆ, ಕೊಡಿಲ್ಲಿ" ಎಂದು ಇವರೇ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಮೂಗುಬೊಟ್ಟು ಮಾತ್ರ ಸೋಪು ಹಚ್ಚಿದರೂ ಬರಲಿಲ್ಲ. ಕೊನೆಗೆ ಆ ಹೆಂಗಸು ಗಾಯಕ್ಕೆ ಹಚ್ಚುವ ಪಟ್ಟಿಯೊಂದನ್ನು ತಂದು ನನ್ನ ಮೂಗಿಗೆ ಅಂಟಿಸಿ, ಬಾಗಿ ನಮಸ್ಕಾರ ಮಾಡಿದಳು. ಕನ್ನಡಿಯಲ್ಲಿ ನೋಡಿಕೊಂಡರೆ ಬರೀ ಕೊರಳು, ರಬ್ಬರ್ ತಲೆ, ಮೂಗಿಗೆ ಪಟ್ಟಿ. ನಲ್ಲಿ ಜಗಳದಲ್ಲಿ ಸೋತು ಬಂದವಳ ಹಾಗಿದ್ದೆ.

ಕೊಳದಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಇದ್ದರು. ನಾಚಿಕೆಯಿಂದ ಕಣ್ಣು ಎಲ್ಲಿಡಲಿ ಎಂದು ನಾನು ಒದ್ದಾಡುತ್ತಿದ್ದರೆ ಅಲ್ಲಿ ಯಾರೂ ಯಾರನ್ನೂ ನೋಡುತ್ತಲೇ ಇರಲಿಲ್ಲ. ಕಂಬಿ ಹಿಡಿದು ಇಳಿದೆ. ಎದೆಮಟ್ಟದ ನೀರು, ಉಗುರುಬೆಚ್ಚಗಿತ್ತು, ನಮ್ಮ ನಲ್ಲಿ ನೀರಿನ ಅದೇ ಬ್ಲೀಚಿಂಗ್ ಪೌಡರ್ ವಾಸನೆ. ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಜೋರಾಗಿ ಸೀಟಿ ಊದಿದರು. ಇದ್ದವರೆಲ್ಲ ಮೇಲೆ ಹತ್ತಿಬಿಟ್ಟರು. ನಾನೇ ಏನೋ ತಪ್ಪು ಮಾಡಿದೆ, ನನ್ನಿಂದಾಗಿ ಕೊಳವನ್ನೇ ಖಾಲಿ ಮಾಡಿಸಿದರು ಎಂದು ಅಳುವಂತಾದೆ. ಗಂಟೆಗೊಮ್ಮೆ ಎಲ್ಲರನ್ನೂ ಹತ್ತು ನಿಮಿಷ ಮೇಲೆ ಕೂರಿಸುವುದು ಅಲ್ಲಿಯ ಪದ್ಧತಿ ಎಂದು ಗೊತ್ತಾದದ್ದು ಆಮೇಲೆ.

ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಅಜ್ಜಿ ಬಂದು ಕೂತರು. ಎಂಬತ್ತರ ಮೇಲಿರಬೇಕು, ಬೆನ್ನು ಬಿಲ್ಲಾಗಿತ್ತು. ನಾನು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದುದನ್ನು ನೋಡಿ ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದಿಟ್ಟುಕೊಂಡರು. ಮತ್ತೆ ಸೀಟಿ ಊದಿದಾಗ ಹಿಡಿದ ಕೈ ಬಿಡದೆ ನನ್ನನ್ನೂ ಇಳಿಸಿದರು. ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆದೆವು. ಆಮೇಲೆ ಅವರು ನನ್ನನ್ನು ಒಂದು ಮೂಲೆಗೆ ಕರೆದುಕೊಂಡು ಹೋಗಿ, ಬೆನ್ನ ಕೆಳಗೆ ಅಂಗೈ ಕೊಟ್ಟು, ಮಲಗು ಎಂಬಂತೆ ಸನ್ನೆ ಮಾಡಿದರು. ನಾನು ಸೌದೆಯ ಹಾಗೆ ಸೆಟೆದುಕೊಂಡೆ.

"ಚಿಕರಾ ನುಯಿತೆ" ಅಂದರು ಅಜ್ಜಿ.

ನೋಯುತ್ತಾ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. "ಇಲ್ರಿ ಅಜ್ಜಿ, ನೋಯಲ್ಲ."

"ನುಯಿತೆ, ನುಯಿತೆ."

"ನೋಯಲ್ಲ ಅಂದ್ನಲ್ರೀ!"

ಇಬ್ಬರೂ ಹಟಕ್ಕೆ ಬಿದ್ದವರಂತೆ ಹೇಳಿಕೊಂಡೇ ಇದ್ದೆವು. ನನಗೆ ನಗು ಬಂತು. ಅಜ್ಜಿಗೂ ಬಂತು. ನಗುವಾಗ ಮೈಯ ಬಿಗುವು ಎಲ್ಲಿ ಹೋಯಿತೋ, ಕಾಲುಗಳು ತಾವಾಗಿ ಮೇಲೆದ್ದವು. ಕಿವಿ ನೀರೊಳಗೆ ಹೋಯಿತು, ಲೋಕದ ಗದ್ದಲವೆಲ್ಲ ನಿಂತಿತು. ಬೆನ್ನ ಕೆಳಗಿನ ಕೈ ಯಾವಾಗ ಸರಿಯಿತೋ ತಿಳಿಯಲಿಲ್ಲ. ನೀರು ನನ್ನನ್ನು ಹೊತ್ತುಕೊಂಡಿತ್ತು. "ಮೈ ಸಡಿಲ ಬಿಡು" ಎಂದು ಆ ಅಜ್ಜಿ ಹೇಳುತ್ತಿದ್ದರಂತೆ. ಇವರು ಕಾರ್ಖಾನೆಯಲ್ಲಿ ಕೇಳಿಕೊಂಡು ಬಂದು ಹೇಳಿದರು.

ಆ ದಿನ ಮನೆಗೆ ಬಂದು ಮೂರು ತಟ್ಟೆ ಚಿತ್ರಾನ್ನ ತಿಂದೆ. ತಿಂದು ಕೈ ತೊಳೆದವಳೇ ಹರಿಹರಕ್ಕೆ ಫೋನ್ ಮಾಡಿದೆ. ಅವ್ವ ಅಣ್ಣನ ಮನೆಯಲ್ಲಿದ್ದಾಳೆ.

"ಅವ್ವಾ, ನಾನು ನೀರಿಗಿಳಿದೆ. ತೇಲಿದೆ ಅವ್ವಾ!"

ಬೈಗುಳಕ್ಕೆ ಕಾದೆ.

"ಈಜು ನನಗೂ ಬರ್ತಿತ್ತು" ಅಂದಳು ಅವ್ವ. "ನಂದಿಗುಡ್ಯಾಗೆ, ನಮ್ಮಪ್ಪನ ಗದ್ದಿ ಬಾವ್ಯಾಗೆ, ಗಂಡುಡುಗ್ರ ಜತಿಗೆ ದುಮುಕ್ತಿದ್ದೆ. ನೀನ್ ಮುಳುಗಿದ್ ದಿನ ದಂಡಿ ಮ್ಯಾಲೆ ನಿಮ್ಮಜ್ಜ ನಿಂತಿದ್ರು. ಮಾವನ ಮುಂದೆ ಹೆಂಗ್ ದುಮುಕ್ಲಿ ಅಂತ ಒಂದ್ ಗಳಿಗಿ ಹಿಂದೆ ಮುಂದೆ ನೋಡ್ದೆ. ಅಷ್ಟ್ರಾಗೆ ಖೈರುನ್ಬಿ ದುಮುಕಿದ್ಲು. ನಿನ್ ಬೆನ್ನಿಗೆ ಹೊಡೆದ್ನಲ್ಲ, ಆ ಏಟು ನನಗೆ ಬೀಳ್ಬೇಕಿತ್ತು."

ಇಷ್ಟು ವರ್ಷ ನಾನು ಹೊಳೆಗೆ ಹೆದರಿಕೊಂಡಿದ್ದೆ, ಅವಳು ಆ ಒಂದು ಗಳಿಗೆಯನ್ನು ಹೊತ್ತುಕೊಂಡು ತಿರುಗಿದ್ದಳು. "ಊರಿಗೆ ಬಂದ್ಮೇಲೆ ಇಬ್ರೂ ಹೋಗಾಣೇನವ್ವಾ?" ಎಂದೆ.

"ಥೂ ಹುಚ್ಚಿ, ಈ ವಯಸ್ನಾಗೆ!" ಅಂದಳು. ಆದರೆ ಫೋನ್ ಇಡುವ ಮೊದಲು, "ನೀರು ತಣ್ಣಗಿರ್ತೈತೋ, ಬೆಚ್ಚಗಿರ್ತೈತೋ?" ಎಂದು ಕೇಳಿದಳು.

ನಾವು ವಾಪಸ್ಸು ಬಂದು ಎರಡು ತಿಂಗಳಾಯಿತು. ಇಲ್ಲಿಯ ಈಜುಕೊಳದಲ್ಲಿ ಬೆಳಿಗ್ಗೆ ಒಂದು ತಾಸು ಹೆಂಗಸರಿಗೆಂದೇ ಬಿಟ್ಟಿದ್ದಾರೆ. ಇವತ್ತು ನೀರು ತುಂಬಿಟ್ಟು, ಹರಿಹರದಿಂದ ಮೊದಲ ಬಸ್ಸಿಗೇ ಬಂದಿಳಿದ ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅವಳಿಗೀಗ ಎಪ್ಪತ್ತೆರಡು. ನನ್ನಂಥದೇ ಉಡುಪು ತೊಡಿಸಿ, ಕೂದಲು ಟೋಪಿಯೊಳಗೆ ತುರುಕಿದೆ. ಕಲಿಸುವ ಗತ್ತಿನಲ್ಲಿ ನಾನೇ ಮುಂದೆ ಮೆಟ್ಟಿಲ ಕಡೆ ನಡೆದು, "ಅವ್ವಾ, ಮೊದ್ಲು ಈ ಕಂಬಿ ಹಿಡ್ಕೋ. ಆಮೇಲೆ ನಿಧಾನಕ್ಕೆ ಒಂದೊಂದೇ ಕಾಲು..." ಎನ್ನುತ್ತ ತಿರುಗಿದೆ.

ಹಿಂದೆ ಅವ್ವ ಇರಲಿಲ್ಲ. ದುಡುಂ ಎಂದು ಸದ್ದಾಯಿತು. ಕಲಿಸುವ ಮೇಡಂ "ಅಜ್ಜಿ! ಅಜ್ಜಿ!" ಎಂದು ಕೂಗುತ್ತ ಓಡಿ ಬಂದರು. ಅಷ್ಟರಲ್ಲಿ ಕೊಳದ ನಟ್ಟನಡುವೆ ಅವ್ವನ ತಲೆ ಮೇಲೆದ್ದಿತು. ಬಾಯೊಳಗಿನ ನೀರನ್ನು ದೂರಕ್ಕೆ ಚಿಮ್ಮಿಸಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಯಾಕ ಅಲ್ಲೇ ನಿಂತಿ? ಬಾರೇ, ಇಲ್ಲಿ ಆಳ ಐತೆ!"